ಜಿಪಿಎ 3.6 ಇದ್ದರೂ ಪೆಲ್ ಗ್ರಾಂಟ್ ನಿಂತಿತು: ಅಮೆರಿಕದ ಕನ್ನಡ ತಂದೆತಾಯಿಗಳಿಗೂ ಕನ್ನಡ ಕೂಟಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ, ಅಂದರೆ ವಿದ್ಯಾರ್ಥಿಗಳ ಹಣದ ನೆರವನ್ನು ನೋಡಿಕೊಳ್ಳುವ ಕಡೆ, ಕೆಲಸ ಮಾಡುವವಳು. ಸ್ಪ್ರಿಂಗ್ ಸೆಮಿಸ್ಟರಿನ ಗ್ರೇಡುಗಳು ಬಂದ ಮೇಲೆ, ಮೇ ಕೊನೆಗೋ ಜೂನ್ ಮೊದಲಿಗೋ, ನಮ್ಮಂಥ ಕಚೇರಿಗಳಿಂದ ಕೆಲವು ವಿದ್ಯಾರ್ಥಿಗಳಿಗೆ ಒಂದು ಇ-ಮೇಲ್ ಹೋಗುತ್ತದೆ. ‘ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಎಂಬುದು ಅದರ ತಲೆಬರಹ. ಕಚೇರಿಯಲ್ಲಿ ನಾವು ಸ್ಯಾಪ್ ಅನ್ನುತ್ತೇವೆ. ನಿಮ್ಮ ಓದು ನಿಯಮಕ್ಕೆ ತಕ್ಕಷ್ಟು ಮುಂದೆ ಸಾಗಿಲ್ಲ, ಹೀಗೇ ಆದರೆ ಸರ್ಕಾರದ ನೆರವು ನಿಲ್ಲುತ್ತದೆ, ಅಥವಾ ನಿಂತಾಗಿದೆ, ಎಂದು ಅದರ ಸಾರ. ಅದು ಹೋಗುವುದು ಮಗನ ಅಥವಾ ಮಗಳ ಕಾಲೇಜು ಅಕೌಂಟಿಗೆ. ತಂದೆತಾಯಿಗೆ ಪ್ರತಿ ಹೋಗುವುದಿಲ್ಲ. ಬೇಸಿಗೆ ರಜೆಯಲ್ಲಿ ಆ ಅಕೌಂಟ್ ತೆರೆದು ನೋಡುವ ಮಕ್ಕಳು ಕಡಿಮೆ. ಆಗಸ್ಟಿನಲ್ಲಿ ಫಾಲ್ ಸೆಮಿಸ್ಟರಿನ ಬಿಲ್ಲು ಬಂದು, ಅದರಲ್ಲಿ ಗ್ರಾಂಟಿನ ಸಾಲೇ ಕಾಣದಿದ್ದಾಗ ಮನೆಯಲ್ಲಿ ವಿಷಯ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ, ನೆರವು ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುವ ಅಪೀಲಿನ ಗಡುವು ಎಷ್ಟೋ ಕಾಲೇಜುಗಳಲ್ಲಿ ಮುಗಿದಿರುತ್ತದೆ, ಇಲ್ಲವೇ ಮುಗಿಯುವುದರಲ್ಲಿರುತ್ತದೆ.

ಈ ಮೇಲ್ ಬಂದವರಲ್ಲಿ ಕನ್ನಡದ ಮಕ್ಕಳೂ ಇದ್ದಾರೆ. ಅದಕ್ಕಾಗಿ ಈ ಪತ್ರ.

ನಮ್ಮ ಕೂಟಗಳಲ್ಲಿ ಈ ಮಾತು ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತು. ಅಮೆರಿಕದ ಕನ್ನಡಿಗರೆಂದರೆ ಸಾಫ್ಟ್‌ವೇರ್ ಎಂಜಿನಿಯರುಗಳು, ಡಾಕ್ಟರುಗಳು. ಮಕ್ಕಳ ಕಾಲೇಜು ಫೀಸು ಅವರಿಗೆ ದೊಡ್ಡ ವಿಷಯವಲ್ಲ ಎಂಬ ಚಿತ್ರವನ್ನು ನಾವೇ ಬರೆದುಕೊಂಡಿದ್ದೇವೆ. ಆದರೆ ಅಣ್ಣನೋ ಅಕ್ಕನೋ ಅರ್ಜಿ ಹಾಕಿ, ಹತ್ತು ಹದಿನೈದು ವರ್ಷ ಕಾದು, ಗ್ರೀನ್ ಕಾರ್ಡ್ ಮೇಲೆ ಬಂದ ಕುಟುಂಬಗಳು ನಮ್ಮ ನಡುವೆಯೇ ಇವೆ. ಅಪ್ಪ ಗ್ಯಾಸ್ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ, ಅಮ್ಮ ಗ್ರೋಸರಿ ಅಂಗಡಿಯಲ್ಲಿ, ಮಗ ಅಥವಾ ಮಗಳು ಅಲ್ಲಿ ಪಿಯುಸಿ ಮುಗಿಸಿ ಬಂದು ಇಲ್ಲಿ ಕಮ್ಯುನಿಟಿ ಕಾಲೇಜಿಗೆ. ಲೇಆಫ್ ಆಗಿ ಒಂದು ವರ್ಷ ಕೆಲಸವಿಲ್ಲದೆ ಕೂತ ಎಂಜಿನಿಯರುಗಳ ಮನೆಗಳೂ ಇವೆ. ಗಂಡ ತೀರಿಕೊಂಡು ಒಬ್ಬಳೇ ಮಕ್ಕಳನ್ನು ಓದಿಸುತ್ತಿರುವ ತಾಯಂದಿರಿದ್ದಾರೆ. ಇವರೆಲ್ಲ ಫೆಡರಲ್ ನೆರವಿನ ಅರ್ಜಿಯಾದ ಫ್ಯಾಫ್ಸಾ ತುಂಬುತ್ತಾರೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಪಡೆಯುತ್ತಾರೆ, ಆದರೆ ನಾಲ್ಕು ಜನರ ಮುಂದೆ ಆ ಮಾತು ಎತ್ತುವುದಿಲ್ಲ. ಎತ್ತದೇ ಇರುವುದರಿಂದ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಪೆಲ್ ಗ್ರಾಂಟ್ ಭಿಕ್ಷೆಯಲ್ಲ. ಬಡವರ ಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಲಿ ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ನವೆಂಬರಿನಲ್ಲಿ ಹೈಯರ್ ಎಜುಕೇಷನ್ ಆಕ್ಟಿಗೆ ಸಹಿ ಹಾಕಿದರು; ಟೆಕ್ಸಸಿನ ಸ್ಯಾನ್ ಮಾರ್ಕೋಸಿನಲ್ಲಿ, ತಾವೇ ಓದಿದ ಕಾಲೇಜಿಗೆ ಹೋಗಿ ಹಾಕಿದರು. 1972ರಲ್ಲಿ ಆ ಕಾಯ್ದೆಗೆ ಸೇರಿಕೊಂಡ ಗ್ರಾಂಟಿಗೇ ಮುಂದೆ ರೋಡ್ ಐಲೆಂಡಿನ ಸೆನೆಟರ್ ಕ್ಲೈಬೋರ್ನ್ ಪೆಲ್ ಅವರ ಹೆಸರು ಬಂತು. 2025-26ರ ಸಾಲಿಗೆ ಅದರ ಗರಿಷ್ಠ ಮೊತ್ತ 7,395 ಡಾಲರ್. ಕಮ್ಯುನಿಟಿ ಕಾಲೇಜಿನಲ್ಲಾದರೆ ಎಷ್ಟೋ ಸಲ ಇಡೀ ವರ್ಷದ ಫೀಸು, ಪುಸ್ತಕ ಎಲ್ಲ ಅದರಲ್ಲೇ ಮುಗಿಯುತ್ತದೆ. ಸಾಲವಲ್ಲ, ವಾಪಸು ಕೊಡಬೇಕಾಗಿಲ್ಲ. ನೀವು ಕಟ್ಟಿದ ತೆರಿಗೆಯೂ ಅದರಲ್ಲಿದೆ.

ಆದರೆ ಅದು ಷರತ್ತಿನ ಮೇಲೆ ಬರುವ ಹಣ. ಷರತ್ತಿನ ಹೆಸರೇ ಸ್ಯಾಪ್. ಪೆಲ್ ಗ್ರಾಂಟಿಗಷ್ಟೇ ಅಲ್ಲ, ಓದುತ್ತಲೇ ಕೆಲಸ ಮಾಡಿ ಸಂಬಳ ಪಡೆಯುವ ವರ್ಕ್-ಸ್ಟಡಿಗೆ, ಫೆಡರಲ್ ವಿದ್ಯಾರ್ಥಿ ಸಾಲಕ್ಕೆ, ತಂದೆತಾಯಿ ತೆಗೆದುಕೊಳ್ಳುವ ಪೇರೆಂಟ್ ಪ್ಲಸ್ ಸಾಲಕ್ಕೂ ಅದು ಅನ್ವಯಿಸುತ್ತದೆ. ಒಂದು ನಿಂತರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ‘ಗ್ರಾಂಟ್ ಹೋದರೆ ಹೋಗಲಿ, ಲೋನ್ ತಗೊಂಡರಾಯಿತು’ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಈ ಮಾತು ಮೊದಲೇ ಗೊತ್ತಿರಲಿ.

ಸ್ಯಾಪ್ ಮೂರು ವಿಷಯ ನೋಡುತ್ತದೆ. ಮೊದಲನೆಯದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ. ಎರಡನೇ ವರ್ಷದ ಕೊನೆಗಾದರೂ ‘ಸಿ’ ಸರಾಸರಿ ಅಥವಾ ಅದಕ್ಕೆ ಸಮನಾದದ್ದು ಇರಬೇಕು ಎನ್ನುತ್ತದೆ ಫೆಡರಲ್ ನಿಯಮ. ಬಹಳಷ್ಟು ಕಾಲೇಜುಗಳು ಮೊದಲ ವರ್ಷದಿಂದಲೇ 2.0 ಕೇಳುತ್ತವೆ. ಎರಡನೆಯದು ಪೇಸ್, ಅಂದರೆ ಓದಿನ ವೇಗ: ಸೇರಿದ ಕ್ರೆಡಿಟ್‌ಗಳಲ್ಲಿ ಎಷ್ಟು ಪಾಸಾದವು ಎಂಬ ಶೇಕಡಾವಾರು; ಕ್ರೆಡಿಟ್ ಎಂದರೆ ಪ್ರತಿ ಕೋರ್ಸಿನ ಓದಿನ ಅಳತೆ. ಸಾಮಾನ್ಯವಾಗಿ 67 ಇರಬೇಕು. ಮೂರನೆಯದು ಗರಿಷ್ಠ ಅವಧಿ: ಪದವಿಗೆ ಬೇಕಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟು ಮೀರಬಾರದು. 120 ಕ್ರೆಡಿಟ್‌ನ ಡಿಗ್ರಿಗೆ 180, 60 ಕ್ರೆಡಿಟ್‌ನ ಅಸೋಸಿಯೇಟ್ ಡಿಗ್ರಿಗೆ 90. ಆ ಮಿತಿಯೊಳಗೆ ಡಿಗ್ರಿ ಮುಗಿಯುವುದು ಲೆಕ್ಕದ ಪ್ರಕಾರ ಅಸಾಧ್ಯ ಎಂದು ಕಂಡುಬಂದ ದಿನವೇ ನೆರವು ನಿಲ್ಲುತ್ತದೆ, 180 ಮುಟ್ಟುವವರೆಗೆ ಕಾಯುವುದಿಲ್ಲ.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ. ಒಬ್ಬ ಹುಡುಗನ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಯಾರೆಂದು ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಜಾಣ ಹುಡುಗ. ಮೊದಲ ಸೆಮಿಸ್ಟರಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡ. ಕ್ಯಾಲ್ಕುಲಸ್ ಮಿಡ್‌ಟರ್ಮಿನಲ್ಲಿ 58 ಬಂತು. ಗ್ರೇಡ್ ‘ಸಿ’ ಆಗಿಬಿಟ್ಟರೆ ಜಿಪಿಎ ಕೆಡುತ್ತದೆ ಎಂದು ಆ ನಾಲ್ಕು ಕ್ರೆಡಿಟ್‌ನ ಕೋರ್ಸಿನಿಂದ ವಿತ್‌ಡ್ರಾ ಆದ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದು ‘ಡಬ್ಲ್ಯೂ’ ಬಿತ್ತು. ಡಬ್ಲ್ಯೂ ಜಿಪಿಎಗೆ ಸೇರುವುದಿಲ್ಲ, ಆದ್ದರಿಂದ ಜಿಪಿಎ ಹೊಳೆಯುತ್ತಲೇ ಇತ್ತು. 15ರಲ್ಲಿ 11 ಪಾಸು, ಶೇಕಡಾ 73, ತೊಂದರೆಯಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಮತ್ತೆ 15. ಅದೇ ಕ್ಯಾಲ್ಕುಲಸ್, ಜೊತೆಗೆ ಫಿಸಿಕ್ಸ್. ಎರಡರಲ್ಲೂ ‘ಬಿ’ಗಿಂತ ಕೆಳಗೆ ಬರುವ ಸೂಚನೆ ಕಂಡು ಎರಡರಿಂದಲೂ ಹೊರಬಂದ. ಉಳಿದ 7 ಕ್ರೆಡಿಟ್ ಪಾಸು. ಈಗ ಒಟ್ಟು 30ಕ್ಕೆ ಸೇರಿ 18 ಪಾಸು, ಅಂದರೆ ಶೇಕಡಾ 60. ಜಿಪಿಎ 3.6! ಜೂನಿನಲ್ಲಿ ವಾರ್ನಿಂಗ್ ಮೇಲ್ ಹೋಯಿತು. ಅವನು ಓದಿದ, ನಂಬಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಮೂರನೇ ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ತೆಗೆದುಕೊಂಡು ಮತ್ತೊಂದು ನಾಲ್ಕು ಕ್ರೆಡಿಟ್‌ನ ಕೋರ್ಸಿಗೆ ಡಬ್ಲ್ಯೂ ಹಾಕಿಸಿಕೊಂಡ. 42ಕ್ಕೆ 26, ಶೇಕಡಾ 62. ಜನವರಿಯಲ್ಲಿ ಗ್ರಾಂಟ್ ನಿಂತಿತು.

“ಆಂಟಿ, ನನ್ನ ಜಿಪಿಎ 3.6 ಇದೆ. ಬೇರೆ ಯಾರದ್ದೋ ಮೇಲ್ ನನಗೆ ಬಂದಿರಬೇಕು ಅಂದ್ಕೊಂಡೆ,” ಎಂದ. ಪಕ್ಕದಲ್ಲಿ ಕೂತಿದ್ದ ಅವನಪ್ಪ ಟ್ರಾನ್ಸ್‌ಕ್ರಿಪ್ಟನ್ನು ಮೊದಲ ಸಲ ನೋಡುತ್ತಿದ್ದರು. “ಡಬ್ಲ್ಯೂ ಅಂದರೇನು? ವರ್ಗಾವಣೆಯಾ?” ಎಂದು ನನ್ನನ್ನು ಕೇಳಿದರು.

ಆ ಮೂರನೇ ಸೆಮಿಸ್ಟರಿನಲ್ಲಿ ಅವನು 12 ಕ್ರೆಡಿಟ್ ತೆಗೆದುಕೊಂಡು ಹನ್ನೆರಡನ್ನೂ ಪಾಸು ಮಾಡಿದ್ದರೆ 42ಕ್ಕೆ 30, ಶೇಕಡಾ 71 ಆಗಿ ಎಲ್ಲ ಸರಿಹೋಗುತ್ತಿತ್ತು. ಒಂಬತ್ತೇ ತೆಗೆದುಕೊಂಡು ಅಷ್ಟನ್ನೂ ಪಾಸು ಮಾಡಿದ್ದರೂ 39ಕ್ಕೆ 27, ಶೇಕಡಾ 69. ಕೋರ್ಸು ಬಿಡದೆ ಎರಡು ‘ಸಿ’ ಬಂದಿದ್ದರೆ ಜಿಪಿಎ ಸುಮಾರು ಮೂರಕ್ಕೆ ಇಳಿಯುತ್ತಿತ್ತು, ಗ್ರಾಂಟ್ ಉಳಿಯುತ್ತಿತ್ತು. ಯಾರೂ ಅವನಿಗೆ ‘ಸಿ ಬಂದರೂ ಪರವಾಗಿಲ್ಲ ಕಣೋ, ಕೋರ್ಸ್ ಬಿಡಬೇಡ’ ಎಂದು ಹೇಳಿರಲಿಲ್ಲ. ಆ ಮಾತು ನಮ್ಮ ಮನೆಗಳಲ್ಲಿ ಹುಟ್ಟುವುದೇ ಕಷ್ಟ. ರ‍್ಯಾಂಕು, ಪರ್ಸೆಂಟೇಜು, ಸಿಇಟಿ ನಂಬರುಗಳ ನಡುವೆ ಬೆಳೆದವರು ನಾವು. ಕೂಟದ ಊಟದ ಸಾಲಿನಲ್ಲಿ ನಿಂತಾಗಲೂ ‘ಮಗನ ಜಿಪಿಎ ಎಷ್ಟು?’ ಎಂದೇ ಕೇಳುತ್ತೇವೆ. ಎಷ್ಟು ಕ್ರೆಡಿಟ್ ಮುಗಿಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮಕ್ಕಳು ನಾವು ಕೇಳುವ ಅಂಕಿಯನ್ನು ಕಾಪಾಡಿಕೊಳ್ಳುತ್ತಾರೆ, ನಾವು ಕೇಳದ ಅಂಕಿ ಕುಸಿಯುತ್ತದೆ.

ಊರಿನ ಇನ್ನೊಂದು ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರಿಗೆ ‘ಬ್ಯಾಕ್’ ಇರುವುದು ದೊಡ್ಡ ಸಂಗತಿಯಲ್ಲ; ಮುಂದಿನ ಪರೀಕ್ಷೆಯಲ್ಲಿ ಕ್ಲಿಯರ್ ಮಾಡಿಕೊಂಡರಾಯಿತು. ಇಲ್ಲಿ ಪರೀಕ್ಷೆಯನ್ನಷ್ಟೇ ಮತ್ತೆ ಬರೆಯುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ. ಕೋರ್ಸನ್ನೇ ಮತ್ತೆ ತೆಗೆದುಕೊಳ್ಳಬೇಕು, ಅದರ ಕ್ರೆಡಿಟ್‌ಗಳು ಮತ್ತೊಮ್ಮೆ ‘ಪ್ರಯತ್ನಿಸಿದ’ ಲೆಕ್ಕಕ್ಕೆ ಸೇರುತ್ತವೆ. ನಾಲ್ಕು ಕ್ರೆಡಿಟ್‌ನ ಕ್ಯಾಲ್ಕುಲಸ್‌ಗೆ ಮೂರು ಸಲ ಸೇರಿ ಮೂರನೇ ಸಲ ಪಾಸಾದರೆ ಲೆಕ್ಕದಲ್ಲಿ 12ಕ್ಕೆ 4. ‘ಎಫ್’ ಬಂದದ್ದು, ಇನ್‌ಕಂಪ್ಲೀಟ್ ಎಂದು ಬಾಕಿ ಉಳಿಸಿಕೊಂಡದ್ದು, ವಿತ್‌ಡ್ರಾ ಆದದ್ದು, ಎಲ್ಲವೂ ಪ್ರಯತ್ನಿಸಿದ ಪಟ್ಟಿಗೆ. ಸೆಮಿಸ್ಟರ್ ಶುರುವಾದ ಮೊದಲ ದಿನಗಳ ಆ್ಯಡ್-ಡ್ರಾಪ್ ಅವಧಿಯೊಳಗೆ ಬಿಟ್ಟ ಕೋರ್ಸಿಗೆ ಮಾತ್ರ ವಿನಾಯಿತಿ. ಆದ್ದರಿಂದ ಡ್ರಾಪ್ ಬೇರೆ, ವಿತ್‌ಡ್ರಾ ಬೇರೆ. ಮಕ್ಕಳು ಎರಡಕ್ಕೂ ‘ಡ್ರಾಪ್ ಮಾಡ್ದೆ’ ಎಂದೇ ಹೇಳುತ್ತಾರೆ. ಯಾವ ತಾರೀಕಿಗೆ ಎಂದು ಕೇಳಿ.

ಪೆಲ್ ಗ್ರಾಂಟ್ ತೆಗೆದುಕೊಳ್ಳದೆ ಕೈಯಿಂದ ಫೀಸು ಕಟ್ಟಿದ ಸೆಮಿಸ್ಟರಿನ ಡಬ್ಲ್ಯೂ, ಎಫ್‌ಗಳೂ ಈ ಲೆಕ್ಕಕ್ಕೆ ಬರುತ್ತವೆ. ಹೈಸ್ಕೂಲಿನಲ್ಲಿರುವಾಗಲೇ ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಕಮ್ಯುನಿಟಿ ಕಾಲೇಜಿನ ಕ್ಲಾಸಿಗೆ ಸೇರಿಸುವ ಉತ್ಸಾಹ ನಮ್ಮವರಲ್ಲಿ ಬಹಳ. ಒಳ್ಳೆಯದೇ. ಆದರೆ ಹದಿನಾರನೇ ವಯಸ್ಸಿನಲ್ಲಿ, ಟೆನಿಸ್ಸು ಭರತನಾಟ್ಯ ಎಸ್‌ಎಟಿ ತಯಾರಿಯ ನಡುವೆ, ಅರ್ಧಕ್ಕೆ ಬಿಟ್ಟ ಆ ಕ್ಲಾಸು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೂತಿರುತ್ತದೆ. ಅದೇ ಕಾಲೇಜಿಗೆ ಮುಂದೆ ಸೇರಿದರೆ ಮೊದಲ ದಿನವೇ ಆ ಹೊರೆ ಜೊತೆಗೆ ಬರಬಹುದು.

ರಾಜ್ಯಗಳ ನಿಯಮ ಇದರ ಮೇಲೆ ಇನ್ನೊಂದು ಪದರ. ಟೆಕ್ಸಸಿನ ಸರ್ಕಾರಿ ಕಾಲೇಜುಗಳಲ್ಲಿ, 2007ರ ಫಾಲ್‌ನಿಂದೀಚೆಗೆ ಮೊದಲ ಬಾರಿ ಕಾಲೇಜು ಸೇರಿದವರಿಗೆ ಇಡೀ ಪದವಿಯಲ್ಲಿ ಆರು ಕೋರ್ಸಿಗಿಂತ ಹೆಚ್ಚು ಬಿಡಲು ಸಾಮಾನ್ಯವಾಗಿ ಅವಕಾಶವೇ ಇಲ್ಲ. ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್ 1993ರಿಂದ ಲಾಟರಿ ಹಣದಲ್ಲಿ ನಡೆಯುತ್ತಿದೆ. 30, 60, 90 ಕ್ರೆಡಿಟ್ ಪ್ರಯತ್ನಿಸಿದ ಘಟ್ಟಗಳಲ್ಲಿ ಜಿಪಿಎ 3.0 ಇದೆಯೇ ಎಂದು ನೋಡುತ್ತದೆ. ಒಮ್ಮೆ ಕಳೆದುಕೊಂಡರೆ ಒಂದೇ ಸಲ ವಾಪಸು ಪಡೆಯಬಹುದು, ಎರಡನೇ ಸಲ ಕಳೆದುಕೊಂಡರೆ ಮುಗಿಯಿತು. ಅಟ್ಲಾಂಟಾದ ಕನ್ನಡದವರಿಗೆ ನಾನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ, ಆದರೂ ಹೇಳುತ್ತಿದ್ದೇನೆ. ಕಾಲೇಜುಗಳು ತಾವೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗಳ ಷರತ್ತು ಮತ್ತೆ ಬೇರೆ. ಕೆಲಸದ ವೀಸಾದಲ್ಲಿರುವವರ ಎಚ್-4 ವೀಸಾದ ಮಕ್ಕಳಿಗೆ, ಊರಿನಿಂದ ಎಫ್-1 ಮೇಲೆ ಓದಲು ಬಂದವರಿಗೆ ಫೆಡರಲ್ ನೆರವು ಸಿಗುವುದಿಲ್ಲ; ಅವರಿಗೆ ಈ ಕಾಲೇಜು ಸ್ಕಾಲರ್‌ಶಿಪ್‌ಗಳೇ ದಾರಿ, ಆ ಪತ್ರದ ಸಣ್ಣ ಅಕ್ಷರಗಳನ್ನು ಅವರು ಓದಲೇಬೇಕು.

ಈಗ ಎರಡನೇ ಮನೆಯ ಕಥೆ. ಇವರು ಹಾಸನದ ಕಡೆಯವರು, ನಮ್ಮ ಕೂಟದಲ್ಲಿ ಪರಿಚಯವಾದವರು. ಅವರು ಒಪ್ಪಿದ್ದರಿಂದಲೇ, ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಮಗಳು ಬೇರೊಂದು ಕಾಲೇಜಿನಲ್ಲಿ ಓದುತ್ತಿದ್ದಳು. ಮೊದಲ ಸೆಮಿಸ್ಟರ್ 12ಕ್ಕೆ 12, ಜಿಪಿಎ 3.2. ಎರಡನೇ ಸೆಮಿಸ್ಟರಿನ ಆರನೇ ವಾರ ಊರಿನಲ್ಲಿ ಅಜ್ಜಿ ತೀರಿಕೊಂಡರು. ಅವಳನ್ನು ಸಾಕಿದ್ದೇ ಆ ಅಜ್ಜಿ. ತಾಯಿ ಮಗಳು ರಾತ್ರೋರಾತ್ರಿ ಟಿಕೆಟ್ ಮಾಡಿಸಿ ಹೊರಟರು. ಕಾಲೇಜಿಗೆ ಒಂದು ಮೇಲ್ ಹಾಕಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಾರ್ಯ ಮುಗಿಸಿ ವಾಪಸು ಬಂದಾಗ ನಾಲ್ಕು ವಾರ ಕಳೆದಿತ್ತು. ಅಷ್ಟು ದಿನ ಹೋಗದೆ ಈಗ ಹೇಗೆ ಮುಖ ತೋರಿಸುವುದು ಎಂಬ ಸಂಕೋಚದಲ್ಲಿ ಹುಡುಗಿ ಕ್ಲಾಸಿಗೆ ಕಾಲಿಡಲೇ ಇಲ್ಲ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದಳು, ಇಲ್ಲಿನ ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದಳು. ನಾಲ್ಕೂ ಕೋರ್ಸಿಗೆ ಎಫ್.

ಹೀಗಾದಾಗ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಒಂದು, ಸೆಮಿಸ್ಟರಿನ ಶೇಕಡಾ 60ರಷ್ಟು ಅವಧಿ ಮುಗಿಯುವ ಮುಂಚೆ ಎಲ್ಲ ಕೋರ್ಸು ಬಿಟ್ಟರೆ, ಹಾಜರಿದ್ದ ದಿನಗಳಷ್ಟರ ನೆರವು ಮಾತ್ರ ವಿದ್ಯಾರ್ಥಿಯದ್ದು. ಉಳಿದದ್ದನ್ನು ಕಾಲೇಜು ಸರ್ಕಾರಕ್ಕೆ ಹಿಂತಿರುಗಿಸಿ ವಿದ್ಯಾರ್ಥಿಯಿಂದ ವಸೂಲಿ ಮಾಡಬಹುದು. ಎಲ್ಲದರಲ್ಲೂ ಎಫ್ ಬಂದು, ಹಾಜರಾತಿಯೂ ಇಲ್ಲ ಎಂದಾದರೆ, ಹೇಳದೆ ಬಿಟ್ಟುಹೋದಂತೆಯೇ ಲೆಕ್ಕ. ಹದಿನೈದು ವಾರದಲ್ಲಿ ಆರು ವಾರ ಎಂದರೆ ಶೇಕಡಾ 40. ಉಳಿದ ಹಣಕ್ಕೆ ಮನೆಗೆ ಬಿಲ್ಲು ಬಂತು. ಎರಡು, ಪೇಸ್ 24ಕ್ಕೆ 12 ಆಗಿ ಶೇಕಡಾ 50ಕ್ಕೆ ಬಿತ್ತು, ಜಿಪಿಎ 1.6ಕ್ಕೆ. ಆ ಕಾಲೇಜು ವರ್ಷಕ್ಕೊಮ್ಮೆ ಮಾತ್ರ ಸ್ಯಾಪ್ ನೋಡುವಂಥದ್ದು. ಪ್ರತಿ ಸೆಮಿಸ್ಟರ್ ನೋಡುವ ಕಾಲೇಜುಗಳು ಒಂದು ಸೆಮಿಸ್ಟರಿನ ಮಟ್ಟಿಗೆ ವಾರ್ನಿಂಗ್ ಕೊಟ್ಟು ನೆರವು ಮುಂದುವರಿಸಬಹುದು. ವರ್ಷಕ್ಕೊಮ್ಮೆ ನೋಡುವ ಕಡೆ ಆ ವಾರ್ನಿಂಗ್ ಇಲ್ಲ, ನೇರವಾಗಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಇದು ಅನ್ಯಾಯ. ಯಾವ ಕಾಲೇಜಿಗೆ ಸೇರಿದ್ದೀರಿ ಎಂಬುದರ ಮೇಲೆ ಒಂದು ಮಗುವಿಗೆ ಎಚ್ಚರಿಕೆ ಸಿಕ್ಕಿ ಇನ್ನೊಂದಕ್ಕೆ ಸಿಗದಿರುವುದನ್ನು ನಾನು ಎಷ್ಟು ವರ್ಷ ಈ ಕೆಲಸ ಮಾಡಿದರೂ ಒಪ್ಪಲಾರೆ. ಎಲ್ಲ ಕಾಲೇಜುಗಳೂ ಪ್ರತಿ ಸೆಮಿಸ್ಟರ್ ನೋಡುವಂತಾಗಬೇಕು.

ಉಳಿದ ದಾರಿ ಅಪೀಲ್. ಸಂಬಂಧಿಕರ ಸಾವು, ವಿದ್ಯಾರ್ಥಿಯ ಕಾಯಿಲೆ ಅಥವಾ ಪೆಟ್ಟು, ಇಲ್ಲವೇ ಬೇರೆ ವಿಶೇಷ ಪರಿಸ್ಥಿತಿ ಇದ್ದರೆ ಅಪೀಲನ್ನು ಪರಿಗಣಿಸಬಹುದು ಎಂದು ನಿಯಮದಲ್ಲೇ ಬರೆದಿದೆ. ಅಪೀಲ್ ಪತ್ರ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: ಯಾಕೆ ಹೀಗಾಯಿತು, ಮತ್ತು ಈಗ ಏನು ಬದಲಾಗಿದೆ.

ಆ ಹುಡುಗಿ ತಾನೇ ಬರೆದ ಮೊದಲ ಪತ್ರವನ್ನು ನನಗೆ ತೋರಿಸಿದಳು. ಐದೇ ಸಾಲು. ತುಂಬಾ ಕ್ಷಮಿಸಿ, ನಾನು ಸರಿಯಾಗಿ ಓದಲಿಲ್ಲ, ಇನ್ನು ಮೇಲೆ ಕಷ್ಟಪಟ್ಟು ಓದುತ್ತೇನೆ, ದಯವಿಟ್ಟು ಒಂದು ಅವಕಾಶ ಕೊಡಿ. ಅಜ್ಜಿಯ ಸುದ್ದಿಯೇ ಇಲ್ಲ! ಯಾಕೆ ಬರೆಯಲಿಲ್ಲ ಎಂದು ಕೇಳಿದರೆ, “ಮನೆ ವಿಷಯ ಯಾಕೆ ಹೇಳೋದು ಅಂತ ಅಮ್ಮ ಅಂದ್ರು,” ಎಂದಳು. ತಾಯಿಯ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಸಾವಿನ ಹೆಸರು ಹೇಳಿ ರಿಯಾಯಿತಿ ಕೇಳುವುದು ನಮಗೆ ಕೀಳು ಅನಿಸುತ್ತದೆ. ತಪ್ಪಾಯಿತು ಎಂದು ಕೈಮುಗಿಯುವುದೇ ಮರ್ಯಾದೆ ಅನಿಸುತ್ತದೆ. ಆದರೆ ಅಪೀಲ್ ಓದುವ ಕಮಿಟಿಯ ಮುಂದೆ ಪತ್ರಗಳ ರಾಶಿಯೇ ಇರುತ್ತದೆ. ‘ಕಷ್ಟಪಟ್ಟು ಓದುತ್ತೇನೆ’ ಎನ್ನುವ ಪತ್ರವನ್ನು ಅವರು ಒಪ್ಪಬೇಕೆಂದರೂ ಅದಕ್ಕೆ ಆಧಾರ ಬೇಕು.

ಎರಡನೇ ಪತ್ರವನ್ನು ಅವಳ ಮನೆಯ ಊಟದ ಮೇಜಿನ ಮೇಲೆ ಕೂತು ಬರೆದೆವು. ಅಜ್ಜಿ ಯಾವ ತಾರೀಕು ತೀರಿಕೊಂಡರು, ತಾವು ಯಾವ ದಿನ ಹೊರಟೆವು, ಯಾವ ದಿನ ಬಂದೆವು. ಅಜ್ಜಿ ತನಗೆ ಯಾರು, ಎಷ್ಟು ವರ್ಷ ಅವರ ಮನೆಯಲ್ಲಿ ಬೆಳೆದೆ. ವಾಪಸು ಬಂದ ಮೇಲೆ ಕ್ಲಾಸಿಗೆ ಹೋಗಲು ಯಾಕೆ ಆಗಲಿಲ್ಲ, ಲೈಬ್ರರಿಯಲ್ಲಿ ಕೂತ ವಿಷಯವನ್ನೂ ಮುಚ್ಚಿಡದೆ. ಊರಿನಿಂದ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಮರಣ ಪ್ರಮಾಣಪತ್ರ, ವಿಮಾನದ ಟಿಕೆಟ್, ಕಾಲೇಜಿನ ಕೌನ್ಸೆಲರ್ ಜೊತೆ ಎರಡು ಸಲ ಮಾತಾಡಿದ್ದಕ್ಕೆ ಅವರು ಕೊಟ್ಟ ಒಂದು ಚೀಟಿ. ಆಮೇಲೆ ಮುಂದಿನದು: ಅಡ್ವೈಸರ್ ಜೊತೆ ಕೂತು ಆರಿಸಿದ 9 ಕ್ರೆಡಿಟ್‌ನ ಪಟ್ಟಿ, ಅಂಗಡಿಯ ಕೆಲಸವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದ್ದು, ಟ್ಯೂಟರಿಂಗ್ ಸೆಂಟರಿನ ವೇಳೆ. ಒಂದೇ ಸೆಮಿಸ್ಟರಿನಲ್ಲಿ ಅವಳ ಪೇಸ್ 67 ಮುಟ್ಟುವುದಿಲ್ಲ. 9 ಪಾಸಾದರೂ 33ಕ್ಕೆ 21, ಶೇಕಡಾ 64 ಅಷ್ಟೇ. ಅದಕ್ಕೇ ಅಪೀಲ್ ಒಪ್ಪಿದಾಗ ಕೊಡುವ ಒಂದು ಸೆಮಿಸ್ಟರಿನ ಅವಕಾಶವಾದ ಪ್ರೊಬೇಷನ್ ಸಾಲದೆ, ಎರಡು ಸೆಮಿಸ್ಟರಿನ ಅಕಾಡೆಮಿಕ್ ಪ್ಲ್ಯಾನ್ ಕೇಳಿದೆವು. ಪ್ಲ್ಯಾನಿನಲ್ಲಿ ಬರೆದಂತೆ ನಡೆದುಕೊಂಡರೆ, ಅಂಕಿ ಇನ್ನೂ ಕೆಳಗಿದ್ದರೂ ನೆರವು ಮುಂದುವರಿಯುತ್ತದೆ. ಅಪೀಲ್ ಪಾಸಾಯಿತು. ಅವಳು ಈಗ ನರ್ಸಿಂಗ್ ಪ್ರೋಗ್ರಾಮಿಗೆ ಅರ್ಜಿ ಹಾಕಿದ್ದಾಳೆ.

ಆರನೇ ವಾರ ವಿಮಾನ ಹತ್ತುವ ಮುಂಚೆ ನಾಲ್ಕು ಪ್ರೊಫೆಸರುಗಳಿಗೆ ಮೂರು ಸಾಲಿನ ಮೇಲ್ ಹೋಗಿದ್ದರೆ ಇದರಲ್ಲಿ ಅರ್ಧ ಆಗುತ್ತಲೇ ಇರಲಿಲ್ಲ ಎಂದು ನನ್ನ ನಂಬಿಕೆ. ಪ್ರೊಫೆಸರುಗಳು ಗಡುವು ಮುಂದೂಡುತ್ತಾರೆ, ಎರಡು ಕೋರ್ಸನ್ನಾದರೂ ಉಳಿಸಿಕೊಳ್ಳಬಹುದಿತ್ತು. ನಮ್ಮ ಮಕ್ಕಳಿಗೆ ಇಲ್ಲಿನ ಮೇಷ್ಟ್ರುಗಳ ಹತ್ತಿರ ಹೋಗಿ ಮಾತಾಡುವ ಧೈರ್ಯ ಇರುವುದಿಲ್ಲ, ಅದರಲ್ಲೂ ಊರಿನಲ್ಲಿ ಓದಿ ಬಂದವರಿಗೆ. ಅದನ್ನು ಹೇಳಿಕೊಡುವುದು ಪಕ್ಕದ ಮನೆಯ ಕನ್ನಡದ ಅಕ್ಕ ಅಣ್ಣಂದಿರು ಮಾಡಬಹುದಾದ ಕೆಲಸ.

ತಂದೆತಾಯಿಗಳಲ್ಲಿ ಒಂದು ಮನವಿ. ‘ನಮ್ಮ ಮಗನ ವಿಷಯ ನಮಗೇ ಯಾಕೆ ಹೇಳುವುದಿಲ್ಲ?’ ಎಂದು ಕಚೇರಿಗೆ ಬಂದು ಬೇಸರ ಮಾಡಿಕೊಳ್ಳುವವರಿದ್ದಾರೆ. 1974ರ ಫರ್ಪಾ ಕಾನೂನಿನ ಪ್ರಕಾರ ಮಗು ಕಾಲೇಜು ಸೇರಿದ ದಿನದಿಂದ ಅದರ ದಾಖಲೆಯ ಹಕ್ಕು ಅದರದ್ದೇ. ಮಗನೋ ಮಗಳೋ ಬರೆದು ಒಪ್ಪಿಗೆ ಕೊಟ್ಟರೆ ಕಾಲೇಜು ನಿಮ್ಮ ಹತ್ತಿರ ಮಾತಾಡುತ್ತದೆ, ಆ ಫಾರ್ಮು ಬಹಳಷ್ಟು ಕಾಲೇಜುಗಳಲ್ಲಿ ಇದೆ. ಸಹಿ ಹಾಕಿಸಿಕೊಳ್ಳಿ, ಆದರೆ ಪೊಲೀಸರಂತೆ ಬಳಸಬೇಡಿ. ಪಾಸ್‌ವರ್ಡ್ ಕೇಳಿ ಇಸಕೊಂಡು ರಾತ್ರಿ ಗ್ರೇಡು ನೋಡುವ ಅಪ್ಪಂದಿರ ಮಕ್ಕಳೇ ಎರಡನೇ ಇ-ಮೇಲ್ ಅಕೌಂಟ್ ಮಾಡಿಕೊಂಡಿರುತ್ತಾರೆ. ಅದಕ್ಕಿಂತ ಸೆಮಿಸ್ಟರಿಗೆ ಎರಡು ಸಲ, ಊಟಕ್ಕೆ ಕೂತಾಗ, ‘ಎಷ್ಟು ಕ್ರೆಡಿಟ್‌ಗೆ ಸೇರಿದ್ದೀ, ಎಷ್ಟು ಮುಗಿಯೋ ಹಾಗಿದೆ, ಯಾವುದಾದರೂ ಕಷ್ಟ ಆಗ್ತಿದೆಯಾ?’ ಎಂದು ಕೇಳಿ. ಉತ್ತರ ಏನೇ ಬರಲಿ, ಮೊದಲ ಮಾತಿಗೇ ಪಕ್ಕದ ಮನೆ ಹುಡುಗನ ಹೆಸರು ಎತ್ತಬೇಡಿ.

ಮೇಜರ್, ಅಂದರೆ ಪದವಿಗೆ ಆರಿಸಿಕೊಳ್ಳುವ ಮುಖ್ಯ ವಿಷಯ, ಅದರ ಬಗ್ಗೆಯೂ ಒಂದು ಮಾತು. ಮೊದಲು ಕಂಪ್ಯೂಟರ್ ಸೈನ್ಸು, ಅಪ್ಪನ ಆಸೆ. ಆಮೇಲೆ ಪ್ರೀ-ಮೆಡ್, ಅಮ್ಮನ ಆಸೆ. ಮೂರನೇ ವರ್ಷ ಮಗಳು ತನಗಿಷ್ಟವಾದ ಸೈಕಾಲಜಿಗೆ ಬರುವ ಹೊತ್ತಿಗೆ ಹಿಂದಿನ ಕ್ರೆಡಿಟ್‌ಗಳೆಲ್ಲ ಒಂದೂವರೆ ಪಟ್ಟಿನ ಮಿತಿಯೊಳಗೆ ಜಾಗ ತಿಂದಿರುತ್ತವೆ. ಮೇಜರ್ ಬದಲಿಸಿದಾಗ ಹಳೆಯ ಕ್ರೆಡಿಟ್ ಬಿಟ್ಟು ಲೆಕ್ಕ ಹಾಕುವ ಕಾಲೇಜುಗಳಿವೆ, ಎಲ್ಲವನ್ನೂ ಸೇರಿಸುವ ಕಾಲೇಜುಗಳೂ ಇವೆ. ಬದಲಿಸುವ ಮುಂಚೆ ಏಡ್ ಕಚೇರಿಯಲ್ಲಿ ಕೇಳಬೇಕು. ಪೆಲ್ ಗ್ರಾಂಟಿಗೆ ಜೀವಮಾನದ ಮಿತಿಯೂ ಇದೆ, ಪೂರ್ಣಾವಧಿಯ ಲೆಕ್ಕದಲ್ಲಿ ಸುಮಾರು 12 ಸೆಮಿಸ್ಟರ್.

ಲೇಆಫ್ ಆದ ಮನೆಗಳಿಗೆ: ಸ್ಯಾಪ್ ಅಪೀಲ್ ಓದಿನ ವಿಷಯಕ್ಕೆ. ಕೆಲಸ ಹೋಗಿ ಆದಾಯ ಕುಸಿದಿದ್ದರೆ ಅದಕ್ಕೆ ಬೇರೆಯೇ ಅರ್ಜಿ ಇದೆ, ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಫ್ಯಾಫ್ಸಾ ನೋಡುವುದು ಹಿಂದಿನ ವರ್ಷಗಳ ಟ್ಯಾಕ್ಸ್ ಲೆಕ್ಕವನ್ನು. ಈಗಿನ ಸ್ಥಿತಿಯನ್ನು ನೀವಾಗಿ ಹೋಗಿ ಹೇಳದೆ ಕಾಲೇಜಿಗೆ ಗೊತ್ತಾಗುವುದಿಲ್ಲ.

ಇನ್ನು ಕನ್ನಡ ಕೂಟಗಳ ಪದಾಧಿಕಾರಿಗಳಿಗೆ. ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮದಲ್ಲಿ ನೀವು ಮಾಡುವ ಪ್ರತಿಭಾ ಪುರಸ್ಕಾರ ನೋಡಿ ನನಗೂ ಸಂತೋಷವಾಗುತ್ತದೆ. ಆದರೆ ಗಮನಿಸಿ: ಫಾಲ್ ಸೆಮಿಸ್ಟರಿನಲ್ಲಿ ವಿತ್‌ಡ್ರಾ ಆಗಲು ಕೊನೆಯ ದಿನ ಬಹಳ ಕಾಲೇಜುಗಳಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಮಧ್ಯದ ಆಸುಪಾಸಿನಲ್ಲಿ ಬರುತ್ತದೆ. ವೇದಿಕೆಯ ಮೇಲೆ ಒಂದು ಮಗು ಫಲಕ ತೆಗೆದುಕೊಳ್ಳುವ ಆ ವಾರವೇ ಸಭೆಯ ಹಿಂದಿನ ಸಾಲಿನಲ್ಲಿ ಕೂತ ಇನ್ನೊಂದು ಮಗು ಯಾವ ಕೋರ್ಸ್ ಬಿಡಲಿ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ. ಸ್ಪ್ರಿಂಗ್‌ನಲ್ಲಿ ಯುಗಾದಿಯ ಹೊತ್ತಿಗೂ ಹೀಗೆಯೇ. ಆ ಎರಡು ಕಾರ್ಯಕ್ರಮಗಳಲ್ಲಿ ಪಕ್ಕದ ಒಂದು ಕೋಣೆ, ಒಂದು ಗಂಟೆ, ಏಡ್ ವಿಷಯ ಬಲ್ಲ ಇಬ್ಬರು. ಹೆಸರು ಬರೆಸಿಕೊಳ್ಳುವುದು ಬೇಡ, ಮೈಕು ಬೇಡ, ಫೋಟೋ ಬೇಡವೇ ಬೇಡ. ನಮ್ಮ ಕೂಟಗಳಲ್ಲಿ ಕಾಲೇಜು ಕಚೇರಿಗಳಲ್ಲಿ ಕೆಲಸ ಮಾಡುವವರು, ಪ್ರೊಫೆಸರುಗಳು ಎಷ್ಟೋ ಜನ ಇದ್ದಾರೆ, ಕರೆದರೆ ಬರುತ್ತಾರೆ. ಕೂಟದ ಹಣದಲ್ಲಿ ಸ್ಕಾಲರ್‌ಶಿಪ್ ಕೊಡುವವರು ಒಂದು ಸಣ್ಣ ಭಾಗವನ್ನು ಅಪೀಲ್ ಬಾಕಿ ಇರುವ ಮಕ್ಕಳಿಗಾಗಿ ತೆಗೆದಿಡಬಹುದೇ ಎಂದು ಯೋಚಿಸಿ. ಅಪೀಲಿನ ಉತ್ತರ ಬರುವವರೆಗಿನ ಕೆಲವು ವಾರ ಫೀಸಿನ ಕಂತು ಕಟ್ಟಲಾಗದೆ ರಿಜಿಸ್ಟ್ರೇಷನ್ ರದ್ದಾದವರನ್ನು ನಾನು ನೋಡಿದ್ದೇನೆ. ಆ ಕಂತನ್ನು ಕೈಸಾಲವಾಗಿ ಕೊಟ್ಟರೂ ಸಾಕು.

ನಾನಿರುವ ಕಡೆಯ ಕೂಟಕ್ಕೆ ಈ ಯುಗಾದಿಯಿಂದ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಬೇರೆ ಊರಿನ ಕೂಟಗಳು ಏರ್ಪಾಡು ಮಾಡಿದರೆ ಸಂಜೆ ಏಳರ ಮೇಲೆ ಝೂಮ್‌ನಲ್ಲಿ ಕೂರಲು ಸಿದ್ಧ. ಬರುವವರು ಟ್ರಾನ್ಸ್‌ಕ್ರಿಪ್ಟ್ ಮತ್ತು ಕಾಲೇಜಿನ ಸ್ಯಾಪ್ ನಿಯಮದ ಪುಟ, ಇವೆರಡನ್ನು ಮುಂದೆ ತೆರೆದಿಟ್ಟುಕೊಂಡಿರಲಿ. ಮಗ ಅಥವಾ ಮಗಳೂ ಪಕ್ಕದಲ್ಲೇ ಇರಲಿ.

ಇಂತಿ ನಿಮ್ಮವಳು,
ನ್ಯೂಜೆರ್ಸಿಯ ಒಬ್ಬ ಫೈನಾನ್ಷಿಯಲ್ ಏಡ್ ಕೌನ್ಸೆಲರ್